ಕ್ಲಬ್ ರೇಸಿಗೆ ಯಾವ ಹ್ಯಾಂಡಿಕ್ಯಾಪ್, ಯಾವ ಅಂಕ? ಹಾಯಿದೋಣಿ ಕ್ಲಬ್ಬುಗಳಿಗೊಂದು ಹೋಲಿಕೆ

ಹೊಸದಾಗಿ ರೇಸ್ ಕಾರ್ಯದರ್ಶಿ ಆದವರು ಕೇಳುವ ಪ್ರಶ್ನೆ ಹೆಚ್ಚೂಕಡಿಮೆ ಒಂದೇ. "ನಮ್ಮಲ್ಲಿ ಹನ್ನೊಂದು ದೋಣಿ ಇವೆ, ಏಳು ಬಗೆಯವು. ಮೊದಲು ಬಂದವರಿಗೇ ಬಹುಮಾನ ಕೊಟ್ಟರೆ ಪ್ರತಿ ವಾರ ಅದೇ ದೊಡ್ಡ ದೋಣಿ ಗೆಲ್ಲುತ್ತೆ. ಒಬ್ಬರು ಪೋರ್ಟ್ಸ್‌ಮತ್ ಅಂತಾರೆ, ಇನ್ನೊಬ್ಬರು ಪಿಎಚ್‌ಆರ್‌ಎಫ್ ಅಂತಾರೆ, ಮತ್ತೊಬ್ಬರು ಐಆರ್‌ಸಿ ಅಂತಾರೆ. ಯಾವುದನ್ನ ಹಿಡಿಯೋಣ?"

ಇದರಲ್ಲಿ ಎರಡು ಪ್ರಶ್ನೆಗಳು ಹೆಣೆದುಕೊಂಡಿವೆ. ಬೇರೆ ಬೇರೆ ವೇಗದ ದೋಣಿಗಳನ್ನು ಒಂದು ರೇಸಿನೊಳಗೆ ಸಮಕ್ಕೆ ತರುವುದು ಹೇಗೆ ಎಂಬುದು ಮೊದಲನೆಯದು. ಅದು ಹ್ಯಾಂಡಿಕ್ಯಾಪ್‌ನ ಕೆಲಸ. ಇಡೀ ಋತುವಿನ ರೇಸುಗಳನ್ನು ಕೂಡಿಸಿ ಗೆದ್ದವರು ಯಾರೆಂದು ಹೇಳುವುದು ಎರಡನೆಯದು. ಅದು ಅಂಕಪದ್ಧತಿಯ ಕೆಲಸ. ಕ್ಲಬ್ಬಿನ ಸಭೆಗಳಲ್ಲಿ ಮೊದಲನೆಯದರ ಮೇಲೆ ಗಂಟೆಗಟ್ಟಲೆ ಮಾತು ನಡೆಯುತ್ತದೆ, ಎರಡನೆಯದು "ಹೋದ ವರ್ಷದಂತೆಯೇ ಇರಲಿ" ಎಂದು ಐದು ನಿಮಿಷದಲ್ಲಿ ಮುಗಿದುಹೋಗುತ್ತದೆ. ಫಲಿತಾಂಶದ ಹಾಳೆ ಹಿಡಿದು ಕೂತವನಾಗಿ ನಾನು ಕಂಡದ್ದು ಇದರ ತಿರುವುಮುರುವು: ಜನ ರೇಸಿಗೆ ಬರುವುದನ್ನು ನಿಲ್ಲಿಸುವುದು ಹೆಚ್ಚಾಗಿ ಅಂಕಪದ್ಧತಿಯ ದೆಸೆಯಿಂದ.

ಮೊದಲು ನಿಮ್ಮ ನೀರನ್ನು ನೋಡಿ

ಪದ್ಧತಿಗಳ ಹೆಸರು ಎತ್ತುವ ಮುಂಚೆ ಕೆಲವು ವಿಷಯಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಸಾಮಾನ್ಯ ದಿನ ಎಷ್ಟು ದೋಣಿ ಬರುತ್ತವೆ? ನೋಂದಾಯಿಸಿದವು ಎಷ್ಟು ಎಂಬುದು ಬೇರೆ ಲೆಕ್ಕ. ಅವು ಸಾವಿರಗಟ್ಟಲೆ ತಯಾರಾದ ಪ್ರಸಿದ್ಧ ಕ್ಲಾಸಿನ, ಅಂದರೆ ಒಂದೇ ವಿನ್ಯಾಸದ, ಡಿಂಗಿ ಎಂಬ ಪುಟ್ಟ ತೆರೆದ ದೋಣಿಗಳೋ, ಒಂದೊಂದೂ ಒಂದೊಂದು ತರಹದ, ಕೆಳಗೆ ಕೀಲ್ ಎಂಬ ಭಾರದ ರೆಕ್ಕೆ ಇರುವ ಕ್ರೂಸರ್‌ಗಳೋ? ಗಾಳಿ ಒಂದೇ ಸಮ ಬೀಸುವ ಜಾಗವೋ, ಮಧ್ಯಾಹ್ನ ಸತ್ತು ಸಂಜೆ ಎದ್ದೇಳುವ ಜಾಗವೋ? ರೇಸಿನ ದೂರವನ್ನು ನಂಬುವಂತೆ ಅಳೆಯಬಲ್ಲಿರಾ? ದೋಣಿ ಅಳೆಸಲು, ಪ್ರತಿ ವರ್ಷ ಸರ್ಟಿಫಿಕೇಟ್ ಪಡೆಯಲು ಮಾಲೀಕರು ದುಡ್ಡು ಬಿಚ್ಚುತ್ತಾರೆಯೇ? ನಿಮ್ಮವರು ಹೊರಗಿನ ರೆಗಟ್ಟಾಗಳಿಗೆ, ಅಂದರೆ ಹಾಯಿದೋಣಿ ರೇಸಿನ ಕೂಟಗಳಿಗೆ, ಹೋಗುತ್ತಾರೆಯೇ? ಕೊನೆಯದು, ನನ್ನ ಮಟ್ಟಿಗೆ ದೊಡ್ಡದು: ರೇಸ್ ಮುಗಿದ ಸಂಜೆ ಕೂತು ಲೆಕ್ಕ ಹಾಕುವವರು ಯಾರು? ಹಾಯಿ ಮಡಚಿ ಬಟ್ಟೆ ಬದಲಿಸಿ ಬರುವಷ್ಟರಲ್ಲಿ ಫಲಿತಾಂಶ ಗೋಡೆಯ ಮೇಲಿದ್ದರೆ ಆ ಕ್ಲಬ್ಬಿಗೆ ಜೀವವೇ ಬೇರೆ. ಎಷ್ಟೇ ನಿಖರವಾದ ಪದ್ಧತಿಯಾದರೂ ಫಲಿತಾಂಶ ಮುಂದಿನ ಬುಧವಾರ ಬರುವುದಾದರೆ ಕ್ಲಬ್ ರೇಸಿಗೆ ಅದು ಒಗ್ಗುವುದಿಲ್ಲ.

ಒಂದೇ ಕ್ಲಾಸ್: ಸಾಧ್ಯವಿದ್ದರೆ ಇದೇ

ಒಂದೇ ಬಗೆಯ ಐದಾರು ದೋಣಿಗಳು ಖಾತರಿಯಾಗಿ ಬರುವುದಾದರೆ ಅವಕ್ಕೆ ಪ್ರತ್ಯೇಕ ಸ್ಟಾರ್ಟ್ ಕೊಟ್ಟುಬಿಡಿ. ಗೆರೆ ಮೊದಲು ದಾಟಿದವರು ಗೆದ್ದರು, ಅಷ್ಟೇ. ಲೆಕ್ಕವಿಲ್ಲ, ತಕರಾರಿಲ್ಲ. ಕಲಿಯುವವರಿಗೂ ತಮ್ಮ ತಪ್ಪು ನೀರಿನ ಮೇಲೇ ಕಣ್ಣಿಗೆ ಕಾಣುತ್ತದೆ. ತೊಂದರೆ ಒಂದೇ. ಬೇರೆ ದೋಣಿ ಇಟ್ಟುಕೊಂಡವರು ಹೊರಗುಳಿಯುತ್ತಾರೆ, ಸಣ್ಣ ಕ್ಲಬ್ಬಿಗೆ ಅದು ತಾಳಲಾಗದ ನಷ್ಟ.

ಪೋರ್ಟ್ಸ್‌ಮತ್ ಯಾರ್ಡ್‌ಸ್ಟಿಕ್: ಮಿಶ್ರ ಡಿಂಗಿಗಳಿಗೆ

ಬ್ರಿಟನ್ನಿನ ರಾಯಲ್ ಯಾಟಿಂಗ್ ಅಸೋಸಿಯೇಷನ್ ನಡೆಸುವ ಪದ್ಧತಿ ಇದು. ಪ್ರತಿ ಕ್ಲಾಸಿಗೂ ಒಂದು ಸಂಖ್ಯೆ. ಸಂಖ್ಯೆ ಸಣ್ಣದಾದಷ್ಟೂ ದೋಣಿ ಚುರುಕು. ಕ್ಲಬ್ಬುಗಳು ಕಳಿಸುವ ನಿಜವಾದ ರೇಸ್ ಫಲಿತಾಂಶಗಳನ್ನು ಒಟ್ಟು ಮಾಡಿ ಪಟ್ಟಿಯನ್ನು ಪ್ರತಿ ವರ್ಷ ತಿದ್ದುತ್ತಾರೆ. ಲೆಕ್ಕ ಸುಲಭ. ತೆಗೆದುಕೊಂಡ ಸಮಯವನ್ನು 1000ದಿಂದ ಗುಣಿಸಿ ದೋಣಿಯ ಸಂಖ್ಯೆಯಿಂದ ಭಾಗಿಸಿದರೆ ತಿದ್ದಿದ ಸಮಯ ಸಿಗುತ್ತದೆ.

1000 ಸಂಖ್ಯೆಯ ದೋಣಿಯೊಂದು ಸರಿಯಾಗಿ 60 ನಿಮಿಷಕ್ಕೆ ಬಂತು ಎನ್ನೋಣ. ಅಂದರೆ 3600 ಸೆಕೆಂಡು, ತಿದ್ದಿದ ಸಮಯವೂ ಅಷ್ಟೇ. 1200 ಸಂಖ್ಯೆಯದು ಹತ್ತು ನಿಮಿಷ ಹಿಂದೆ ಬಂತು, 4200 ಸೆಕೆಂಡಿಗೆ. ತಿದ್ದಿದರೆ 3500. ಹಿಂದೆ ಬಂದವರೇ 100 ಸೆಕೆಂಡಿನಿಂದ ಗೆದ್ದರು. ಮೊಬೈಲಿನ ಕ್ಯಾಲ್ಕುಲೇಟರ್ ಸಾಕು.

ಇದರ ಇನ್ನೊಂದು ಅನುಕೂಲ, ಎಲ್ಲರೂ ಸಮ ಸುತ್ತು ಹಾಕಬೇಕಾಗಿಲ್ಲ. ಚುರುಕಿನವು ನಾಲ್ಕು ಸುತ್ತು, ನಿಧಾನದವು ಮೂರು ಸುತ್ತು ಮುಗಿಸಿ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಬಂದರೆ, ಮೂರು ಸುತ್ತಿನವರ ಸಮಯವನ್ನು ನಾಲ್ಕಕ್ಕೆ ಏರಿಸಿ ಲೆಕ್ಕ ಹಾಕಬಹುದು. ಕೊನೆಯ ದೋಣಿಗಾಗಿ ಇಡೀ ಕ್ಲಬ್ ಮುಕ್ಕಾಲು ಗಂಟೆ ಚಳಿಯಲ್ಲಿ ಕಾಯುವುದು ತಪ್ಪುತ್ತದೆ.

ಕೊರತೆ ಎಲ್ಲಿ? ಸಂಖ್ಯೆ ಸರಾಸರಿ ಗಾಳಿಗೆ, ಸರಾಸರಿ ನೀರಿಗೆ ಹೊಂದಿದ್ದು. ಗಾಳಿ ಏರಿದಾಗ ಪ್ಲೇನ್ ಆಗುವ ದೋಣಿಗಳು, ಅಂದರೆ ನೀರನ್ನು ಸೀಳುವುದು ಬಿಟ್ಟು ಮೇಲೆ ಜಾರತೊಡಗುವಂಥವು, ತಮ್ಮ ಸಂಖ್ಯೆಯನ್ನು ಮೀರಿ ಓಡುತ್ತವೆ. ಮಂದಗಾಳಿಯ ದಿನ ಅವೇ ಒದ್ದಾಡುತ್ತವೆ. ಇಕ್ಕಟ್ಟಾದ ಕೆರೆಯಲ್ಲಿ ಬೇಗ ತಿರುಗುವ ಪುಟ್ಟ ದೋಣಿಗೆ ಲಾಭ. ನಿಮ್ಮ ನೀರಿನಲ್ಲಿ ಒಂದು ಕ್ಲಾಸ್ ವರ್ಷಪೂರ್ತಿ ಗೆಲ್ಲುತ್ತಿದೆ ಎಂದಾದರೆ ಕ್ಲಬ್ಬೇ ಸಂಖ್ಯೆ ಹೊಂದಿಸಿಕೊಳ್ಳಬಹುದು, ಪದ್ಧತಿಯ ಆಶಯವೂ ಅದೇ. ಆದರೆ ಋತುವಿನ ನಡುವೆ ಕೈ ಹಾಕಬೇಡಿ.

ಪಿಎಚ್‌ಆರ್‌ಎಫ್: ಮೈಲಿಗೆ ಇಷ್ಟು ಸೆಕೆಂಡು

ಅಮೆರಿಕದಲ್ಲಿ ಬಳಕೆಯಲ್ಲಿರುವುದು ಇದು, ಹೆಚ್ಚಾಗಿ ಕೀಲ್ ದೋಣಿಗಳಿಗೆ. ಪ್ರತಿ ನಾಟಿಕಲ್ ಮೈಲಿಗೆ ಎಷ್ಟು ಸೆಕೆಂಡು ರಿಯಾಯಿತಿ ಎಂಬುದೇ ರೇಟಿಂಗ್. ಆಯಾ ಪ್ರದೇಶದ ಸಮಿತಿ ದೋಣಿಯ ಸಾಧನೆ ನೋಡಿ ಅದನ್ನು ಕೊಡುತ್ತದೆ. ದೋಣಿ ಸುಸ್ಥಿತಿಯಲ್ಲಿದೆ, ಹಾಯಿ ಒಳ್ಳೆಯದಿದೆ, ನಡೆಸುವವರು ನುರಿತವರು ಎಂದಿಟ್ಟುಕೊಂಡೇ ಲೆಕ್ಕ. ಹಾಗಾಗಿ ಹಳೆಯ ಹಾಯಿಯವರಿಗೆ ಇದು ಕರುಣೆ ತೋರುವುದಿಲ್ಲ.

ಇಲ್ಲಿ ಒಂದು ಆಯ್ಕೆಯೊಳಗೆ ಇನ್ನೊಂದು ಆಯ್ಕೆ ಅಡಗಿದೆ. ದೂರದ ಮೇಲೆ ಲೆಕ್ಕ ಹಾಕುತ್ತೀರೋ, ಸಮಯದ ಮೇಲೋ? ರೇಟಿಂಗ್ 90ರ ದೋಣಿಯೂ 150ರ ದೋಣಿಯೂ ಆರು ನಾಟಿಕಲ್ ಮೈಲಿ ಓಡುತ್ತವೆ ಎನ್ನಿ. ದೂರದ ಲೆಕ್ಕದಲ್ಲಿ ಮೈಲಿಗೆ 60 ಸೆಕೆಂಡಿನಂತೆ ನಿಧಾನದ ದೋಣಿಗೆ ಆರು ನಿಮಿಷ ರಿಯಾಯಿತಿ, ಗಾಳಿ ಹೇಗೇ ಇರಲಿ. ಸಮಯದ ಲೆಕ್ಕದಲ್ಲಿ 650ನ್ನು, ರೇಟಿಂಗಿಗೆ 550 ಕೂಡಿಸಿ ಬಂದ ಮೊತ್ತದಿಂದ ಭಾಗಿಸಿ, ಸಿಕ್ಕಿದ್ದರಿಂದ ಓಡಿದ ಸಮಯವನ್ನು ಗುಣಿಸುವುದು ರೂಢಿ. ಚುರುಕಿನ ದೋಣಿ ಒಂದು ಗಂಟೆಗೆ ಮುಗಿಸಿದರೆ ನಿಧಾನದ್ದಕ್ಕೆ 5 ನಿಮಿಷ 37 ಸೆಕೆಂಡು ಚಿಲ್ಲರೆ ಸಿಗುತ್ತದೆ. ಎರಡೂ ಪದ್ಧತಿ ಹತ್ತಿರ ಹತ್ತಿರ. ಆದರೆ ಗಾಳಿ ಬಿದ್ದು ಚುರುಕಿನ ದೋಣಿಗೇ ಎರಡು ಗಂಟೆ ಹಿಡಿದರೆ? ಸಮಯದ ಲೆಕ್ಕದಲ್ಲಿ ರಿಯಾಯಿತಿ 11 ನಿಮಿಷ 15 ಸೆಕೆಂಡಿಗೆ ಏರುತ್ತದೆ. ದೂರದ ಲೆಕ್ಕದಲ್ಲಿ ಅದೇ ಆರು ನಿಮಿಷಕ್ಕೆ ನಿಂತಿರುತ್ತದೆ. ಗಾಳಿ ಕೈಕೊಡುವ ಜಾಗದಲ್ಲಿ ದೂರದ ಲೆಕ್ಕ ಹಿಡಿದರೆ ನಿಧಾನದ ದೋಣಿಯವರು ಮಂದಗಾಳಿಯ ಪ್ರತಿ ರೇಸಿನಲ್ಲೂ ಸೋಲುತ್ತಾರೆ.

ದೂರದ ಲೆಕ್ಕಕ್ಕೂ ಒಂದು ಚೆಂದವಿದೆ. ರೇಸ್ ಶುರುವಾಗುವ ಮುಂಚೆಯೇ "ಅವರಿಗಿಂತ ಆರು ನಿಮಿಷದೊಳಗೆ ಬಂದರೆ ಗೆದ್ದೆ" ಎಂಬುದು ಗೊತ್ತಿರುತ್ತದೆ. ನೀರಿನ ಮೇಲೆ ಅದಕ್ಕಿಂತ ರೋಚಕವಾದದ್ದಿಲ್ಲ. ಆದರೆ ದೂರ ಸರಿಯಾಗಿ ಅಳೆದಿರಬೇಕು. ಗಾಳಿ ತಿರುಗಿತೆಂದು ನಡುವೆ ಮಾರ್ಕನ್ನು, ಅಂದರೆ ದೋಣಿಗಳು ಸುತ್ತಿಬರುವ ತೇಲುಗುರುತನ್ನು, ಸರಿಸುವ ಕ್ಲಬ್ಬುಗಳಿಗೆ ಸಮಯದ ಲೆಕ್ಕವೇ ವಾಸಿ.

ಐಆರ್‌ಸಿ, ಓಆರ್‌ಸಿ: ಅಳತೆಯ ಮೇಲೆ ನಿಂತವು

ಈ ಎರಡರಲ್ಲಿ ದೋಣಿಯ ಓಟದ ಇತಿಹಾಸ ಲೆಕ್ಕಕ್ಕಿಲ್ಲ. ಉದ್ದ, ತೂಕ, ಹಾಯಿಯ ವಿಸ್ತೀರ್ಣ, ಕೀಲ್ ಎಷ್ಟು ಆಳ, ಇಂಥ ಅಳತೆಗಳಿಂದ ರೇಟಿಂಗ್ ಹುಟ್ಟುತ್ತದೆ. ಐಆರ್‌ಸಿಯನ್ನು ಬ್ರಿಟನ್ನಿನ ರಾಯಲ್ ಓಷನ್ ರೇಸಿಂಗ್ ಕ್ಲಬ್ ಮತ್ತು ಫ್ರಾನ್ಸಿನ ಯುಎನ್‌ಸಿಎಲ್ ಸೇರಿ ಕಟ್ಟಿದವು. ಫಾಸ್ಟ್‌ನೆಟ್, ಸಿಡ್ನಿ–ಹೋಬಾರ್ಟ್‌ನಂಥ ದೊಡ್ಡ ರೇಸುಗಳಲ್ಲಿ ಇದು ನಡೆಯುತ್ತದೆ. ಸೂತ್ರ ಗುಟ್ಟು. ಸೂತ್ರ ಗೊತ್ತಾದರೆ ವಿನ್ಯಾಸಕಾರರು ಅದರ ಸಂದಿಗೊಂದಿ ಹುಡುಕಿ ದೋಣಿ ಕಟ್ಟುತ್ತಾರೆ ಎಂಬುದು ಕಾರಣ. ದಶಾಂಶದ ಮೂರು ಸ್ಥಾನದ ಒಂದೇ ಸಂಖ್ಯೆ ಕೊಡುತ್ತಾರೆ, ಓಡಿದ ಸಮಯವನ್ನು ಅದರಿಂದ ಗುಣಿಸಿದರೆ ಮುಗಿಯಿತು. ರೇಸ್ ಸಮಿತಿಗೆ ಇಷ್ಟು ಹಗುರವಾದ ಲೆಕ್ಕ ಸಿಗುವುದು ಅಪರೂಪ.

ಓಆರ್‌ಸಿಯದು ತೆರೆದ ಸೂತ್ರ. ಈ ದೋಣಿ ಯಾವ ಗಾಳಿಗೆ, ಯಾವ ಕೋನದಲ್ಲಿ ಎಷ್ಟು ವೇಗ ಹೋಗಬೇಕು ಎಂದು ಕಂಪ್ಯೂಟರ್ ಮಾದರಿ ಊಹಿಸುತ್ತದೆ. ಮಂದ, ಮಧ್ಯಮ, ಜೋರು ಗಾಳಿಗೆ ಬೇರೆ ಬೇರೆ ರೇಟಿಂಗ್ ಹಿಡಿಯುವ ಅವಕಾಶವಿದೆ. ಎಲ್ಲಕ್ಕಿಂತ ನ್ಯಾಯವಾದದ್ದು ಇದೇ ಎನ್ನಬೇಕು. ಆದರೆ ಆ ನ್ಯಾಯಕ್ಕೆ ಬೆಲೆಯಿದೆ. ಇವತ್ತಿನ ಗಾಳಿ ಮಂದವೋ ಮಧ್ಯಮವೋ ಎಂದು ಸಮಿತಿ ತೀರ್ಮಾನಿಸಬೇಕು, ಆ ತೀರ್ಮಾನದಿಂದಲೇ ಗೆದ್ದವರು ಬದಲಾಗಬಹುದು. ಸಣ್ಣ ಕ್ಲಬ್ಬಿನಲ್ಲಿ ತೀರ್ಮಾನಿಸುವವರ ಸ್ನೇಹಿತರೇ ರೇಸಿನಲ್ಲೂ ಇರುತ್ತಾರೆ. ಆ ಮುಜುಗರಕ್ಕೆ ಯಾರನ್ನೂ ದೂಡಬಾರದು. ಕ್ಲಬ್ಬು ಓಆರ್‌ಸಿ ಹಿಡಿಯುವುದಾದರೆ ಒಂದೇ ಸಂಖ್ಯೆಯ ಲೆಕ್ಕದಿಂದ ಶುರುಮಾಡಲಿ, ಕಡಿಮೆ ಅಳತೆ ಸಾಕಾಗುವ ಓಆರ್‌ಸಿ ಕ್ಲಬ್ ಸರ್ಟಿಫಿಕೇಟೇ ಸಾಕು.

ಎರಡಕ್ಕೂ ಪ್ರತಿ ವರ್ಷ ಸರ್ಟಿಫಿಕೇಟಿನ ಖರ್ಚಿದೆ, ಹೊಸ ಹಾಯಿ ಹೊಲಿಸಿದರೆ ತಿದ್ದುಪಡಿಯ ಖರ್ಚೂ ಸೇರುತ್ತದೆ. ಹೊರಗಿನ ರೆಗಟ್ಟಾಗಳಿಗೆ ಹೋಗುವವರು ಅರ್ಧಕ್ಕಿಂತ ಹೆಚ್ಚಿದ್ದರೆ ಅದು ದಂಡವಲ್ಲ. ಸಂಜೆಯ ಹೊತ್ತು ಮನೆಮಂದಿಯ ಜೊತೆ ಕ್ರೂಸರ್ ತಂದು ರೇಸ್ ಓಡುವವರಿಂದ ಇದನ್ನು ಕೇಳಿದರೆ ಅವರು ಬರುವುದನ್ನೇ ಬಿಡುತ್ತಾರೆ.

ತಾನೇ ತಿದ್ದಿಕೊಳ್ಳುವ ಹ್ಯಾಂಡಿಕ್ಯಾಪ್

ಐರ್ಲೆಂಡಿನ ಎಕೋ, ಬ್ರಿಟನ್ನಿನ ಎನ್‌ಎಚ್‌ಸಿ ಈ ಜಾತಿಯವು. ಪ್ರತಿ ರೇಸಿನ ಸಾಧನೆ ನೋಡಿ ಸಂಖ್ಯೆ ಬದಲಾಗುತ್ತದೆ. ಚೆನ್ನಾಗಿ ಓಡಿದರೆ ಮುಂದಿನ ಸಲ ಭಾರ ಹೆಚ್ಚು, ಹಿಂದೆ ಬಿದ್ದರೆ ಭಾರ ಕಡಿಮೆ. ಇದು ದೋಣಿಯ ಜೊತೆ ನಡೆಸುವವರನ್ನೂ ಅಳೆಯುತ್ತದೆ. ಹತ್ತು ವರ್ಷದ ಹಾಯಿ, ಹೊಸ ಸಿಬ್ಬಂದಿ ಇರುವವರಿಗೂ ಒಂದಲ್ಲ ಒಂದು ದಿನ ಗೆಲುವು ಸಿಗುತ್ತದೆ. ಆ ದಿನ ಅವರ ಮುಖ ನೋಡಿದವರು ಈ ಪದ್ಧತಿಯನ್ನು ಹಗುರವಾಗಿ ಕಾಣಲಾರರು. ಇನ್ನೊಂದು ಕಡೆ, ಕಷ್ಟಪಟ್ಟು ಸುಧಾರಿಸಿಕೊಂಡವರಿಗೆ ಅದೇ ಸುಧಾರಣೆ ಮುಳುವಾಗುತ್ತದೆ. "ಗೆದ್ದಿದ್ದಕ್ಕೆ ದಂಡ" ಎಂಬ ಮಾತು ಎಲ್ಲಾದರೂ ಬಂದೇ ಬರುತ್ತದೆ, ಅದರಲ್ಲಿ ಹುರುಳೂ ಇದೆ.

ದಾರಿ ಇದೆ. ಒಂದೇ ಫಿನಿಷ್ ಸಮಯದಿಂದ ಎರಡು ಫಲಿತಾಂಶ ತೆಗೆಯಿರಿ, ಸ್ಥಿರ ರೇಟಿಂಗಿನದ್ದು ಒಂದು, ತಿದ್ದಿಕೊಳ್ಳುವುದು ಇನ್ನೊಂದು. ಬಹುಮಾನವೂ ಎರಡು. ನೀರಿನ ಮೇಲೆ ಹೆಚ್ಚುವರಿ ಕೆಲಸವೇನೂ ಇಲ್ಲ. ಸೈಲ್‌ವೇವ್‌ನಂಥ ಉಚಿತ ತಂತ್ರಾಂಶಕ್ಕೆ ಸಮಯಗಳನ್ನು ತುಂಬಿದರೆ ಉಳಿದದ್ದನ್ನು ಅದು ನೋಡಿಕೊಳ್ಳುತ್ತದೆ.

ಹಿಂಬಾಲಿಸುವ ರೇಸನ್ನೂ ಮರೆಯಬೇಡಿ. ನಿಧಾನದ ದೋಣಿ ಮೊದಲು ಹೊರಡುತ್ತದೆ, ಚುರುಕಿನವು ಆಮೇಲೆ. 90 ನಿಮಿಷದ ರೇಸಿನಲ್ಲಿ ಅತಿ ನಿಧಾನದ ದೋಣಿಯ ಪೋರ್ಟ್ಸ್‌ಮತ್ ಸಂಖ್ಯೆ 1350, ನಿಮ್ಮದು 900 ಆದರೆ ನೀವು ಓಡುವುದು 60 ನಿಮಿಷ, ಹೊರಡುವುದು ಅರ್ಧ ಗಂಟೆ ತಡವಾಗಿ. ಮುಕ್ತಾಯದ ಹೊತ್ತಿಗೆ ಮುಂದಿರುವವರೇ ಗೆದ್ದರು. ದಡದಲ್ಲಿ ನಿಂತು ನೋಡುವವರಿಗೂ ಅರ್ಥವಾಗುವ ಹ್ಯಾಂಡಿಕ್ಯಾಪ್ ರೇಸ್ ಇದೊಂದೇ. ಗಾಳಿ ನಡುವೆ ಬದಲಾದರೆ ಲೆಕ್ಕ ಕೆಡುತ್ತದಾದ್ದರಿಂದ ಇಡೀ ಸರಣಿಯನ್ನು ಇದರ ಮೇಲೆ ನಿಲ್ಲಿಸಬೇಡಿ, ಹಬ್ಬದ ದಿನಕ್ಕೆ ಇಟ್ಟುಕೊಳ್ಳಿ.

ಅಂಕ: ಎಲ್ಲರೂ ಓದದೆ ದಾಟಿಬಿಡುವ ಪುಟ

ಹಾಯಿದೋಣಿ ಕ್ರೀಡೆಯ ಅಂತರರಾಷ್ಟ್ರೀಯ ಸಂಸ್ಥೆ ವರ್ಲ್ಡ್ ಸೇಲಿಂಗ್ ನಾಲ್ಕು ವರ್ಷಕ್ಕೊಮ್ಮೆ ಹೊರಡಿಸುವ ರೇಸಿಂಗ್ ನಿಯಮಗಳ ಪುಸ್ತಕವಿದೆ, ಈಗಿನದು 2025ರಿಂದ 2028ರವರೆಗಿನದು. ಅದರ ಅನುಬಂಧ ಎ ಅಂಕಗಳಿಗೆ ಮೀಸಲು. ಬೇರೇನೂ ಬರೆಯದಿದ್ದರೆ ಕಡಿಮೆ ಅಂಕದ ಪದ್ಧತಿ ಅನ್ವಯಿಸುತ್ತದೆ. ಮೊದಲಿಗೆ 1, ಎರಡನೆಯದಕ್ಕೆ 2, ಹೀಗೆ. ಒಂದು ಕೆಟ್ಟ ಫಲಿತಾಂಶ ಬಿಟ್ಟು ಉಳಿದದ್ದನ್ನು ಕೂಡಿ, ಯಾರದು ಕಡಿಮೆಯೋ ಅವರು ಗೆದ್ದರು. ಒಂದು ಕಾಲಕ್ಕೆ ಮೊದಲಿಗೆ 0, ಎರಡಕ್ಕೆ 3, ಮೂರಕ್ಕೆ 5.7 ಕೊಡುವ ಬೋನಸ್ ಪದ್ಧತಿಯೂ ಇತ್ತು. ಗೆಲುವಿಗೆ ತೂಕ ಜಾಸ್ತಿ ಇದ್ದುದರಿಂದ ಅದನ್ನು ಇಷ್ಟಪಡುವವರು ಈಗಲೂ ಇದ್ದಾರೆ. ಸ್ಥಿರವಾಗಿ ಎರಡು–ಮೂರನೇ ಸ್ಥಾನದಲ್ಲಿ ಓಡುವವರಿಗೆ ಮಾತ್ರ ಅದು ಕಠಿಣ. ಕ್ಲಬ್ಬಿಗೆ 1, 2, 3 ಸಾಕು.

ಪೆಟ್ಟು ಬೀಳುವುದು ರೇಸ್ ಮುಗಿಸದವರ ಅಂಕದಲ್ಲಿ. ನಿಯಮ ಎ5.2ರ ಪ್ರಕಾರ ಸ್ಟಾರ್ಟ್ ಮಾಡದವರು, ಮುಗಿಸದವರು, ಅನರ್ಹರಾದವರು ಎಲ್ಲರಿಗೂ ಸರಣಿಗೆ ನೋಂದಾಯಿಸಿದ ದೋಣಿಗಳ ಸಂಖ್ಯೆಗಿಂತ ಒಂದು ಹೆಚ್ಚು ಅಂಕ. ಮೂರು ದಿನದ ರೆಗಟ್ಟಾಗೆ ಇದು ಸರಿ, ಅಲ್ಲಿ ಎಲ್ಲರೂ ಎಲ್ಲ ದಿನ ಬರುತ್ತಾರೆ. ನಾಲ್ಕು ತಿಂಗಳು ನಡೆಯುವ ಕ್ಲಬ್ ಸರಣಿಯಲ್ಲಿ ಏನಾಗುತ್ತದೆ ನೋಡಿ. ನಮ್ಮಲ್ಲಿ ಒಂದು ಸಲ ಹದಿನೆಂಟು ದೋಣಿ ನೋಂದಾಯಿಸಿದ್ದವು, ಅಂದು ನೀರಿಗಿಳಿದದ್ದು ಏಳು. ಎರಡನೇ ಸುತ್ತಿನಲ್ಲಿ ಒಂದು ದೋಣಿಯ ಹ್ಯಾಲಿಯಾರ್ಡ್, ಹಾಯಿ ಏರಿಸುವ ಹಗ್ಗ, ಪಟಾರನೆ ಕಡಿದು ಹಾಯಿ ಪೂರ್ತಿ ಡೆಕ್ಕಿನ ಮೇಲೆ ಕವುಚಿತು. ಇಬ್ಬರೂ ಹುಟ್ಟು ಹಾಕುತ್ತಾ ದಡ ಸೇರಿದರು. ಪೆನ್ಸಿಲಿನಲ್ಲಿ ಬರೆದ ಒದ್ದೆ ಹಾಳೆ ಬಿಡಿಸಿ ನಾನು ಅವರ ಹೆಸರಿನ ಮುಂದೆ 19 ಎಂದು ಬರೆದೆ. ಮನೆಯಲ್ಲಿ ಮಲಗಿದ್ದವರ ಹೆಸರಿನ ಮುಂದೆಯೂ 19. ಒಂದೇ ಡಿಸ್ಕಾರ್ಡ್, ಅಂದರೆ ಲೆಕ್ಕದಿಂದ ಬಿಡಬಹುದಾದ ಕೆಟ್ಟ ಫಲಿತಾಂಶ, ಇದ್ದ ಸರಣಿ ಅದು, ಅವರದು ಆಗಲೇ ಖರ್ಚಾಗಿತ್ತು. ಮುಂದಿನ ವಾರದಿಂದ ಅವರು ಬರಲಿಲ್ಲ. ಆ ಅಂಕ ಬರೆದ ಕೈ ನನ್ನದು, ಅದು ಇನ್ನೂ ಮನಸ್ಸಿನಲ್ಲಿದೆ.

ಪರಿಹಾರ ಪುಸ್ತಕದಲ್ಲೇ ಇತ್ತು. "ನಿಯಮ ಎ5.3 ಅನ್ವಯಿಸುತ್ತದೆ" ಎಂದು ರೇಸ್ ಪ್ರಕಟಣೆಯಲ್ಲಿ ಒಂದು ಸಾಲು ಸೇರಿಸಿದರೆ, ಸ್ಟಾರ್ಟ್ ಜಾಗಕ್ಕೆ ಬಂದೂ ಮುಗಿಸಲಾಗದವರಿಗೆ ಅಂದು ಬಂದ ದೋಣಿಗಳಿಗಿಂತ ಒಂದು ಹೆಚ್ಚು, ಅಂದರೆ 8. ಬಾರದೇ ಇದ್ದವರಿಗೆ 19. ವಾರದ ಸರಣಿ ನಡೆಸುವ ಯಾವ ಕ್ಲಬ್ಬೂ ಈ ಸಾಲನ್ನು ಬಿಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಇನ್ನು ಡಿಸ್ಕಾರ್ಡ್. ಕಡಿಮೆ ಬಿಟ್ಟರೆ ಒಂದು ಮದುವೆ, ಒಂದು ಜ್ವರ ಬಂದವರ ಋತುವೇ ಮುಗಿಯುತ್ತದೆ. ಹೆಚ್ಚು ಬಿಟ್ಟರೆ ಬೇಗ ಮುನ್ನಡೆ ಸಿಕ್ಕವರು ಕೊನೆಯ ತಿಂಗಳು ದೋಣಿಯನ್ನು ಹೊರಗೇ ತೆಗೆಯುವುದಿಲ್ಲ. ಹನ್ನೆರಡು ರೇಸಿನಲ್ಲಿ ಎಂಟನ್ನು ಹಿಡಿದು ನಾಲ್ಕನ್ನು ಬಿಡುವುದು ನನಗೆ ಸರಿಕಂಡ ಪ್ರಮಾಣ. ಜನ ತುಂಬಾ ಓಡಾಡುವ ಕ್ಲಬ್ಬಾದರೆ ಏಳು ಹಿಡಿಯಬಹುದು. ಸಮಿತಿ ದೋಣಿಯಲ್ಲಿ ಕರ್ತವ್ಯಕ್ಕೆ ಕೂತು ತಮ್ಮ ರೇಸ್ ಕಳೆದುಕೊಂಡವರಿಗೆ ಸರಾಸರಿ ಅಂಕ ಕೊಡಿ, ಸರಣಿಗೆ ಒಂದು ಅಥವಾ ಎರಡು ಸಲಕ್ಕೆ ಮಿತಿ ಇರಲಿ.

ಬರುವವರ ಸಂಖ್ಯೆ ತೀರಾ ಏರುಪೇರಾದರೆ ಹೆಚ್ಚು ಅಂಕದ ಪದ್ಧತಿ ಯೋಚಿಸಬಹುದು. ಅಲ್ಲಿ ಎಷ್ಟು ದೋಣಿಗಳನ್ನು ಹಿಂದೆ ಹಾಕಿದಿರಿ ಎಂಬುದರ ಮೇಲೆ ಅಂಕ. ಮೂರು ದೋಣಿ ಬಂದ ದಿನದ ಗೆಲುವು ಹದಿನೈದು ಬಂದ ದಿನದ ಗೆಲುವಿಗೆ ಸಮವಲ್ಲ ಎನ್ನುವವರಿಗೆ ಇದು ಹಿಡಿಸುತ್ತದೆ. ಆದರೆ ಮಳೆಯಲ್ಲೂ ಬಂದ ಆ ಮೂವರನ್ನು ಇದು ಕಡೆಗಣಿಸುತ್ತದೆ. ನಾನಾದರೆ ಅವರ ಪರ ನಿಲ್ಲುತ್ತೇನೆ.

ಟೈ ಆದರೆ ನಿಯಮ ಸ್ಪಷ್ಟ. ಬಿಟ್ಟ ಅಂಕ ತೆಗೆದು, ಉಳಿದವನ್ನು ಒಳ್ಳೆಯದರಿಂದ ಕೆಟ್ಟದ್ದಕ್ಕೆ ಜೋಡಿಸಿ. ಒಬ್ಬರದು 1, 2, 3, 3. ಇನ್ನೊಬ್ಬರದು 1, 1, 3, 4. ಮೊತ್ತ ಇಬ್ಬರದೂ 9, ಎರಡನೇ ಜಾಗದಲ್ಲಿ ವ್ಯತ್ಯಾಸ ಬಂತು, 1 ಇದ್ದವರು ಮೇಲೆ. ಅಲ್ಲೂ ಸಮವಾದರೆ ಕೊನೆಯ ರೇಸ್ ನೋಡಬೇಕು, ಆಗ ಬಿಟ್ಟ ಅಂಕವೂ ಲೆಕ್ಕಕ್ಕೆ ಬರುತ್ತದೆ.

ತಪ್ಪಿಗೆ ದಂಡ

ಇನ್ನೊಂದು ದೋಣಿಯ ಹಕ್ಕು ಮೀರಿದವರು ಸ್ಥಳದಲ್ಲೇ ಎರಡು ಸುತ್ತು ತಿರುಗಬೇಕು, ಮಾರ್ಕ್ ತಾಗಿದರೆ ಒಂದು ಸುತ್ತು. ಇಕ್ಕಟ್ಟಾದ ನೀರಿನಲ್ಲಿ, ದೊಡ್ಡ ಕೀಲ್ ದೋಣಿಗಳಿದ್ದಲ್ಲಿ ಸುತ್ತು ಹಾಕುವುದೇ ಅಪಾಯ. ಅಂಥಲ್ಲಿ ಅಂಕದ ದಂಡ ಹಿಡಿಯಿರಿ. ಮುಗಿಸದವರಿಗೆ ಸಿಗುವ ಅಂಕದ ಶೇ 20ರಷ್ಟು ದಂಡ. ಆ ಅಂಕ 11 ಆದರೆ ದಂಡ 2. ಹೊಸಬರು ಹೆಚ್ಚಿರುವ ಕ್ಲಬ್ಬು ಎರಡು ಸುತ್ತನ್ನು ಒಂದಕ್ಕೆ ಇಳಿಸಬಹುದು, ಸಣ್ಣ ದಂಡವಾದರೆ ತಪ್ಪೊಪ್ಪಿಕೊಳ್ಳುವವರು ಹೆಚ್ಚು. ದೂರು ವಿಚಾರಣೆಗೆ ಪೂರ್ತಿ ಸಮಿತಿ ಕೂರಿಸಲು ಜನವಿಲ್ಲದಿದ್ದರೆ ಅನುಬಂಧ ಟಿ ನೋಡಿ. ಒಬ್ಬ ಅನುಭವಿ ಇಬ್ಬರ ಮಾತನ್ನೂ ಕೇಳಿ ಅಭಿಪ್ರಾಯ ಹೇಳುತ್ತಾರೆ, ತಪ್ಪಿತಸ್ಥರು ಶೇ 30ರ ದಂಡ ಒಪ್ಪಿಕೊಂಡರೆ ವಿಷಯ ಅಲ್ಲಿಗೇ ತೀರಬಹುದು.

ಹಾಗಾದರೆ ನಿಮಗೆ ಯಾವುದು?

ಬಗೆಬಗೆಯ ಡಿಂಗಿಗಳು, ದುಡ್ಡು ಕಡಿಮೆ, ಲೆಕ್ಕಕ್ಕೆ ಒಬ್ಬರೇ ಇದ್ದಾರೆ ಎಂದಾದರೆ ಪೋರ್ಟ್ಸ್‌ಮತ್ ಹಿಡಿದು ನಿಶ್ಚಿಂತೆಯಾಗಿರಿ. ಮನೆಮಂದಿಯ ಕ್ರೂಸರ್‌ಗಳಾದರೆ ತಾನೇ ತಿದ್ದಿಕೊಳ್ಳುವ ಹ್ಯಾಂಡಿಕ್ಯಾಪ್ ಇರಲಿ. ಅದರಲ್ಲೇ ನಾಲ್ಕೈದು ಮಂದಿ ಗಂಭೀರ ರೇಸಿನವರಿದ್ದು ಅವರ ಬಳಿ ಆಗಲೇ ಐಆರ್‌ಸಿ ಸರ್ಟಿಫಿಕೇಟ್ ಇದ್ದರೆ ಅವರಿಗೆ ಅದರ ಮೇಲೆ ಇನ್ನೊಂದು ಪ್ರತ್ಯೇಕ ಬಹುಮಾನ ಇಡಿ. ಸುತ್ತಮುತ್ತಲ ಕ್ಲಬ್ಬುಗಳೆಲ್ಲ ಪಿಎಚ್‌ಆರ್‌ಎಫ್ ಬಳಸುತ್ತಿದ್ದರೆ ನೀವೊಬ್ಬರೇ ಬೇರೆ ದಾರಿ ಹಿಡಿಯಬೇಡಿ, ಸಮಯದ ಲೆಕ್ಕವನ್ನು ಆರಿಸಿಕೊಳ್ಳಿ. ಅಳತೆಗೆ ಜನ, ದುಡ್ಡು ಎರಡೂ ಇದ್ದು, ಗಾಳಿಯನ್ನು ನಿಭಾಯಿಸಬಲ್ಲ ಅನುಭವಿ ಸಮಿತಿಯೂ ಇದ್ದರೆ ಮಾತ್ರ ಓಆರ್‌ಸಿಯ ಗಾಳಿಗೊಂದು ಸಂಖ್ಯೆಯ ಲೆಕ್ಕ.

ಇನ್ನೂ ಅನುಮಾನವಿದ್ದರೆ ಒಂದು ಸಂಜೆ ಬಿಡುವು ಮಾಡಿಕೊಳ್ಳಿ. ಹೋದ ಋತುವಿನ ಫಿನಿಷ್ ಹಾಳೆಗಳನ್ನು ತೆಗೆದು, ನಿಮ್ಮ ಮನಸ್ಸಿನಲ್ಲಿರುವ ಎರಡು ಪದ್ಧತಿಗಳಲ್ಲೂ ಲೆಕ್ಕ ಹಾಕಿ, ಎ5.2 ಮತ್ತು ಎ5.3 ಎರಡರಲ್ಲೂ ಸರಣಿ ಕೂಡಿ ನೋಡಿ. ಗೆದ್ದವರ ಹೆಸರಿಗಿಂತ ಎಂಟನೇ, ಒಂಬತ್ತನೇ ಸ್ಥಾನದವರು ಎಲ್ಲಿಗೆ ಸರಿದರು ಎಂಬುದನ್ನು ಗಮನಿಸಿ. ಆ ಹಾಳೆಯನ್ನೇ ಸಭೆಗೆ ಒಯ್ಯಿರಿ. ತೀರ್ಮಾನವಾದದ್ದನ್ನು ಮೊದಲ ರೇಸಿಗೆ ಮುಂಚೆ ರೇಸ್ ಪ್ರಕಟಣೆಯಲ್ಲಿ ಬರೆದು, ಎಲ್ಲರ ಕಣ್ಣಿಗೆ ಬೀಳುವ ಕಡೆ ಅಂಟಿಸಿ.